ಬಿಇ ಮುಗಿಸಿ ಪೇಟೆಂಟ್ ವಕೀಲರಾಗುವುದು: ಓದು, ಪರೀಕ್ಷೆ, ಕರಡು, ಸನ್ನದು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಎಷ್ಟೋ ವಿಸಿಟಿಂಗ್ ಕಾರ್ಡುಗಳ ಮೇಲೆ ‘ಪೇಟೆಂಟ್ ಅಟಾರ್ನಿ’ ಎಂದಿರುತ್ತದೆ. ಆದರೆ 1970ರ ಪೇಟೆಂಟ್ ಕಾಯ್ದೆ ನೋಂದಣಿ ಕೊಡುವುದು ‘ಪೇಟೆಂಟ್ ಏಜೆಂಟ್’ಗೆ ಮಾತ್ರ. ಏಜೆಂಟ್ ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ, ಭಾರತದ ಪೌರತ್ವ, 21 ವರ್ಷ ತುಂಬಿದ ವಯಸ್ಸು, ಜೊತೆಗೆ ಪೇಟೆಂಟ್ ಕಚೇರಿಯ ಅರ್ಹತಾ ಪರೀಕ್ಷೆಯ ಪಾಸು ಬೇಕು. ಕಾನೂನು ಪದವಿ ಬೇಡ. ಅರ್ಜಿ ಬರೆಯುವುದು, ಸಲ್ಲಿಸುವುದು, ಆಕ್ಷೇಪಣೆಗೆ ಉತ್ತರ ಕೊಡುವುದು, ಪೇಟೆಂಟ್ ಕಚೇರಿಯಲ್ಲಿ ಅರ್ಜಿ ತೀರ್ಮಾನಿಸುವ ಅಧಿಕಾರಿಯಾದ ಕಂಟ್ರೋಲರ್ ಮುಂದೆ ವಾದಿಸುವುದು, ಎಲ್ಲವನ್ನೂ ಏಜೆಂಟ್ ಮಾಡಬಹುದು. ಕೋರ್ಟಿಗೆ ಹೋಗುವಂತಿಲ್ಲ, ಅಷ್ಟೇ.

ವಕೀಲರ ಕತೆ ತಿರುಗುಮುರುಗು. ಎಲ್‌ಎಲ್‌ಬಿ ಮಾಡಿ ಸನ್ನದು ಪಡೆದವರು ಹೈಕೋರ್ಟಿನಲ್ಲಿ ಪೇಟೆಂಟ್ ಕೇಸು ನಡೆಸಬಹುದು. ಸೆಕ್ಷನ್ 132ರ ಪ್ರಕಾರ ಕಂಟ್ರೋಲರ್ ಮುಂದಿನ ವಿಚಾರಣೆಯಲ್ಲೂ ಕಕ್ಷಿದಾರರ ಪರ ನಿಲ್ಲಬಹುದು. ಆದರೆ ಏಜೆಂಟ್ ನೋಂದಣಿ ಇಲ್ಲದೆ ಬೇರೆಯವರ ಅರ್ಜಿ ಬರೆದು ಸಲ್ಲಿಸುವುದನ್ನು ವೃತ್ತಿ ಮಾಡಿಕೊಳ್ಳುವಂತಿಲ್ಲ.

ಹಾಗಾದರೆ ಎಂಜಿನಿಯರ್ ಎರಡನ್ನೂ ಮಾಡಬೇಕೆ? ಕೊನೆಗೆ ಮಾಡಿದರೆ ಒಳ್ಳೆಯದು. ಆದರೆ ಮೊದಲು ಪೇಟೆಂಟ್ ಅರ್ಜಿಯ ಕರಡು ಬರೆಯಲು ಕಲಿಯಿರಿ, ಆಮೇಲೆ ಏಜೆಂಟ್ ಪರೀಕ್ಷೆ, ಕೋರ್ಟಿನ ಆಸೆ ನಿಜವಾಗಿದ್ದರೆ ಕೊನೆಯಲ್ಲಿ ಎಲ್‌ಎಲ್‌ಬಿ. ಬಿಇ ಮುಗಿದ ಕೂಡಲೇ ಮೂರು ವರ್ಷದ ಕಾನೂನು ಪದವಿಗೆ ಸೇರಿ, ಒಂದೂ ಕ್ಲೇಮ್ (ಪೇಟೆಂಟಿನ ಹಕ್ಕು ಎಲ್ಲಿಯವರೆಗೆ ಎಂದು ಗಡಿ ಹಾಕುವ ವಾಕ್ಯ) ಬರೆಯದೆ ಹೊರಬಂದವರಿಗೆ ಸಂದರ್ಶನದಲ್ಲಿ ಕೈ ಕಟ್ಟಿದಂತಾಗುತ್ತದೆ. ಈ ವೃತ್ತಿಯ ಬಂಡವಾಳ ಬರವಣಿಗೆ. ಅದೂ ಇಂಗ್ಲಿಷ್ ಬರವಣಿಗೆ, ಏಕೆಂದರೆ ನಮ್ಮ ಪೇಟೆಂಟ್ ಕಚೇರಿ ದಾಖಲೆ ಸ್ವೀಕರಿಸುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಿಂದ ಬಂದವರು ಇದಕ್ಕೆ ಹಿಂಜರಿಯಬೇಕಿಲ್ಲ. ಪೇಟೆಂಟಿನ ಇಂಗ್ಲಿಷ್ ಅಲಂಕಾರದ್ದಲ್ಲ. ನೂರಿನ್ನೂರು ಪದಗಳನ್ನು ಬಿಗಿಯಾಗಿ, ಪ್ರತಿ ಸಲವೂ ಒಂದೇ ಅರ್ಥದಲ್ಲಿ ಬಳಸುವ ಇಂಗ್ಲಿಷ್ ಅದು.

ಯಾವ ಬ್ರಾಂಚಿನವರಿಗೆ ಏನು

ಪರೀಕ್ಷೆಗೆ ಯಾವ ಬ್ರಾಂಚ್ ಆದರೂ ನಡೆಯುತ್ತದೆ. ಕೆಲಸದ ಮಾರುಕಟ್ಟೆಯಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸಿನವರಿಗೆ ಬೆಂಗಳೂರಿನಲ್ಲಿ ಕೆಲಸ ಹೆಚ್ಚು. ಸೆಕ್ಷನ್ 3(ಕೆ) ಅಲ್ಗಾರಿದಮ್ಮನ್ನು ಪೂರ್ತಿಯಾಗಿ, ಕಂಪ್ಯೂಟರ್ ಪ್ರೋಗ್ರಾಂ ಅನ್ನು ‘ಅದಷ್ಟೇ ಆಗಿದ್ದರೆ’ ಪೇಟೆಂಟಿನಿಂದ ಹೊರಗಿಡುವ ಕಾರಣ ಆ ವಿಭಾಗದಲ್ಲಿ ತಲೆನೋವೂ ಹೆಚ್ಚು. ಔಷಧ ಮತ್ತು ಜೈವಿಕ ತಂತ್ರಜ್ಞಾನದಲ್ಲಿ ಬರೀ ಬಿಇಗೆ ಬೆಲೆ ಕಡಿಮೆ, ಎಂಎಸ್ಸಿ ಅಥವಾ ಪಿಎಚ್‌ಡಿ ಕೇಳುತ್ತಾರೆ. ಕರಡು ಕಲಿಯಲು ಸುಲಭದ ದಾರಿ ಮೆಕ್ಯಾನಿಕಲ್. ಭಾಗಗಳು ಕಣ್ಣಿಗೆ ಕಾಣುತ್ತವೆ, ಯಾವುದು ಯಾವುದಕ್ಕೆ ತಗಲಿಕೊಂಡಿದೆ ಎಂದು ಬೆರಳಿಟ್ಟು ಹೇಳಬಹುದು. ಸಾಫ್ಟ್‌ವೇರಿನವರೂ ಮೊದಲ ತಿಂಗಳು ಯಂತ್ರದ ಪೇಟೆಂಟುಗಳನ್ನೇ ಓದುವುದು ಲೇಸು.

ಮೊದಲ ಎರಡು ತಿಂಗಳು: ಓದು

ಪೇಟೆಂಟನ್ನು ಮೊದಲ ಪುಟದಿಂದ ಓದಬೇಡಿ. ಮೊದಲನೇ ಕ್ಲೇಮಿನಿಂದ ಶುರು ಮಾಡಿ, ಚಿತ್ರಗಳಿಗೆ ಬನ್ನಿ, ಆಮೇಲೆ ವಿವರಣೆ. ಕ್ಲೇಮಿನಲ್ಲಿ ಬರುವ ಪ್ರತಿಯೊಂದು ಭಾಗದ ಮುಂದೆ ಚಿತ್ರದಲ್ಲಿನ ಅದರ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಸಿಗದ ಭಾಗವಿದ್ದರೆ ಒಂದೋ ನೀವು ಸರಿಯಾಗಿ ಓದಿಲ್ಲ, ಇಲ್ಲವೇ ಬರೆದವರು ಎಡವಿದ್ದಾರೆ. ಎರಡನೆಯದೂ ಆಗಾಗ ಸಿಗುತ್ತದೆ.

ಕೋರ್ಸಿನಲ್ಲಿ ಯಾರೂ ಹೇಳಿಕೊಡದ, ಆದರೆ ಎಲ್ಲ ಕೋರ್ಸಿಗಿಂತ ಹೆಚ್ಚು ಕಲಿಸುವ ಅಭ್ಯಾಸ ಒಂದಿದೆ. ಭಾರತೀಯ ಪೇಟೆಂಟ್ ಕಚೇರಿಯ ಹುಡುಕಾಟದ ತಾಣ ‘ಇನ್‌ಪಾಸ್’ನಲ್ಲಿ, ಪ್ರಕಟವಾದ ಅರ್ಜಿಯ ಇಡೀ ಕಡತ ಪುಕ್ಕಟೆಯಾಗಿ ಸಿಗುತ್ತದೆ. ನಿಮ್ಮ ಬ್ರಾಂಚಿನ, ಈಗಾಗಲೇ ಮಂಜೂರಾದ ಹತ್ತು ಅರ್ಜಿ ಆರಿಸಿಕೊಳ್ಳಿ. ಪ್ರತಿಯೊಂದರಲ್ಲೂ ನಾಲ್ಕು ದಾಖಲೆ ಇಳಿಸಿಕೊಳ್ಳಿ: ಮೊದಲು ಸಲ್ಲಿಸಿದ ಕ್ಲೇಮು, ಪರೀಕ್ಷಕರ ಮೊದಲ ವರದಿ ಅಂದರೆ ಎಫ್‌ಇಆರ್, ಅದಕ್ಕೆ ಕೊಟ್ಟ ಉತ್ತರ, ಕೊನೆಗೆ ಮಂಜೂರಾದ ಕ್ಲೇಮು. ಮೊದಲ ಮತ್ತು ಕೊನೆಯ ಕ್ಲೇಮನ್ನು ಅಕ್ಕಪಕ್ಕ ಇಟ್ಟು ಸೇರಿದ ಪದಗಳಿಗೆ ಕೆಂಪು ಗೆರೆ ಎಳೆಯಿರಿ. ಆ ಪದಗಳು ಯಾವ ಆಕ್ಷೇಪಣೆಗೆ ಹೆದರಿ ಬಂದವು ಎಂದು ಎಫ್‌ಇಆರ್‌ನಲ್ಲಿ ಹುಡುಕಿ. ಹತ್ತು ಕಡತ ಹೀಗೆ ಮುಗಿಸಿದವರಿಗೆ ಕಾಯ್ದೆಯ ಸೆಕ್ಷನ್ 2 (ವ್ಯಾಖ್ಯೆಗಳು) ಮತ್ತು 3 (ಪೇಟೆಂಟ್ ಸಿಗದವು) ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಜೊತೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ದೂರಶಿಕ್ಷಣದಲ್ಲಿ ಡಿಎಲ್-101 ಎಂಬ ಉಚಿತ ಕೋರ್ಸ್ ಇದೆ. ಅಡಿಪಾಯಕ್ಕೆ ಅಷ್ಟು ಸಾಕು. ಸಾವಿರಾರು ರೂಪಾಯಿ ಕೊಟ್ಟು ಪಡೆಯುವ ಡಿಪ್ಲೊಮಾಗಳಿಗೆ ಕೆಲಸ ಕೊಡುವವರು ಹೆಚ್ಚಿನ ಮರ್ಯಾದೆ ಕೊಡುವುದಿಲ್ಲ. ನೀವೇ ಬರೆದ ಮಾದರಿ ಕರಡು ಎರಡಿದ್ದರೆ ಕೊಡುತ್ತಾರೆ.

ಹುಡುಕಾಟ: ಒಂದು ಪದಕ್ಕೆ ಐದು ಹೆಸರು

ಇಲ್ಲಿಂದ ಮುಂದೆ ಒಂದೇ ಉದಾಹರಣೆ ಹಿಡಿದು ಹೋಗೋಣ. ಮಲೆನಾಡಿನ ಒಬ್ಬ ಕುಶಲಕರ್ಮಿ ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಎರಡು ರೋಲರುಗಳ ನಡುವೆ ಅಡಿಕೆ ಬೀಳುತ್ತದೆ. ಒಂದು ರೋಲರಿನ ಹಿಂದೆ ಸ್ಪ್ರಿಂಗ್ ಇರುವುದರಿಂದ ದಪ್ಪ ಅಡಿಕೆ ಬಂದರೆ ಅದು ಹಿಂದೆ ಸರಿಯುತ್ತದೆ. ಹೀಗಾಗಿ ಒಳಗಿನ ಬೆಟ್ಟೆ ಒಡೆಯುವುದಿಲ್ಲ, ಸಣ್ಣ ಅಡಿಕೆ ಸಿಪ್ಪೆ ಸಮೇತ ಜಾರಿ ಹೋಗುವುದೂ ಇಲ್ಲ.

ಹುಡುಕುವಾಗ ‘ಅರೆಕಾನಟ್’ ಒಂದೇ ಪದ ಹಾಕಿ ಏನೂ ಸಿಗಲಿಲ್ಲ ಎನ್ನುವುದು ಹೊಸಬರ ತಪ್ಪು. ಅದೇ ವಸ್ತುವನ್ನು ‘ಬೀಟಲ್ ನಟ್’, ‘ಅರೆಕಾ’, ಬರೀ ‘ನಟ್’ ಎಂದೂ ಬರೆದಿರುತ್ತಾರೆ. ಕ್ರಿಯೆಗೆ ‘ಡೀಹಸ್ಕ್’, ‘ಹಸ್ಕ್’, ‘ಪೀಲ್’, ‘ಶೆಲ್’, ‘ಹಲ್’ ಎಂಬ ಐದು ಪದ. ಎರಡು ಸಾಲುಗಳನ್ನೂ ಒಂದಕ್ಕೊಂದು ಹೆಣೆದು ಹುಡುಕಬೇಕು. ಆಮೇಲೆ ವರ್ಗೀಕರಣ ಸಂಕೇತ. ಕಾಯಿಗಳ ಸಿಪ್ಪೆ, ಚಿಪ್ಪು ಬಿಡಿಸುವ ಯಂತ್ರಗಳಿಗೆ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಎ23ಎನ್ 5/00 ಎಂಬ ಮನೆ ಇದೆ. ಪೇಟೆಂಟ್ ಹುಡುಕುವ ಜಾಲತಾಣಗಳಾದ ಎಸ್ಪಾಸೆನೆಟ್ ಅಥವಾ ಪೇಟೆಂಟ್‌ಸ್ಕೋಪಿನಲ್ಲಿ ಆ ಮನೆಯೊಳಗೆ ಹೋಗಿ ಚಿತ್ರಗಳನ್ನು ಮಾತ್ರ ಸರಸರನೆ ನೋಡಿದರೆ ಹೆಸರು ಏನೇ ಇರಲಿ ಯಂತ್ರ ಸಿಕ್ಕಿಬೀಳುತ್ತದೆ. ಹತ್ತಿರದ ಒಂದು ದಾಖಲೆ ಸಿಕ್ಕಿತೋ, ಅದು ಉಲ್ಲೇಖಿಸಿದ ಹಳೆಯವು, ಅದನ್ನು ಉಲ್ಲೇಖಿಸಿದ ಹೊಸವು, ಎರಡು ದಿಕ್ಕಿಗೂ ನಡೆಯಿರಿ.

ಪೇಟೆಂಟುಗಳಲ್ಲದ ದಾಖಲೆಗಳನ್ನು ಮರೆಯಬಾರದು. ಕೃಷಿ ವಿಶ್ವವಿದ್ಯಾಲಯಗಳ ವರದಿ, ಎಂಟೆಕ್ ಪ್ರಬಂಧ, ಯೂಟ್ಯೂಬ್ ವಿಡಿಯೊ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಲ್ಲೇ ದೊಡ್ಡ ಅಪಾಯವೂ ಇದೆ. ಯಂತ್ರವನ್ನು ಅರ್ಜಿ ಹಾಕುವ ಮೊದಲೇ ಕೃಷಿ ಮೇಳದಲ್ಲಿ ಓಡಿಸಿ ತೋರಿಸಿದ್ದರೆ ಹೊಸತನ ಅಲ್ಲಿಗೇ ಹೋಯಿತು. ಸೆಕ್ಷನ್ 31ರ ಹನ್ನೆರಡು ತಿಂಗಳ ವಿನಾಯಿತಿ ಇದೆಯಲ್ಲ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ವಿನಾಯಿತಿ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧಕ್ಕೆ, ಇಂಥ ಕೆಲವಕ್ಕೇ ಸೀಮಿತ. ಊರಿನ ಮೇಳ, ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನ ಅದರಡಿ ತಾನಾಗಿ ಬರುವುದಿಲ್ಲ. ಹಾಗಾಗಿ ಆವಿಷ್ಕಾರಕರ ಜೊತೆ ಮಾತಿಗೆ ಕೂತಾಗ ಮೊದಲ ಪ್ರಶ್ನೆಯೇ ‘ಇದನ್ನು ಈವರೆಗೆ ಯಾರ್‍ಯಾರು ನೋಡಿದ್ದಾರೆ?’ ಎಂದಿರಲಿ. ಎರಡನೆಯದು ‘ದುಡ್ಡು ಯಾರದ್ದು?’ ಮಾಲೀಕತ್ವದ ಜಗಳ ಅಲ್ಲಿಂದಲೇ ಹುಟ್ಟುವುದು.

ಉಳಿದ ಪ್ರಶ್ನೆಗಳು ತಾಂತ್ರಿಕ. ಮೊದಲು ಹೇಗೆ ಮಾಡುತ್ತಿದ್ದರು, ಅದರಲ್ಲಿ ಏನು ಕೆಡುತ್ತಿತ್ತು, ನೀವು ಏನು ಬದಲಿಸಿದಿರಿ, ಅದು ಯಾಕೆ ಕೆಲಸ ಮಾಡುತ್ತದೆ, ಸ್ಪ್ರಿಂಗಿನ ಬದಲು ಬೇರೇನು ಹಾಕಬಹುದು. ಕೊನೆಯ ಪ್ರಶ್ನೆಗೆ ‘ಏನೂ ಇಲ್ಲ, ಸ್ಪ್ರಿಂಗೇ ಬೇಕು’ ಎಂಬ ಉತ್ತರ ಬರುತ್ತದೆ. ಒಪ್ಪಬೇಡಿ. ರಬ್ಬರ್ ತುಂಡು? ಗಾಳಿಯ ಸಿಲಿಂಡರ್? ತೂಕ ಕಟ್ಟಿದ ಸನ್ನೆ? ಆವಿಷ್ಕಾರಕರು ತಲೆದೂಗುವವರೆಗೆ ಕೇಳಿ. ಪ್ರತಿಸ್ಪರ್ಧಿ ನಾಳೆ ಅದನ್ನೇ ಹಾಕುತ್ತಾನೆ.

ಕ್ಲೇಮ್: ಎರಡು ಪ್ರಯತ್ನ

ಹೊಸಬರ ಮೊದಲ ಕ್ಲೇಮ್ ಸಾಮಾನ್ಯವಾಗಿ ಹೀಗಿರುತ್ತದೆ. ತಿಳಿಯಲಿಕ್ಕೆಂದು ಕನ್ನಡದಲ್ಲಿ ಬರೆದಿದ್ದೇವೆ:

‘ಒಂದು ಎಚ್‌ಪಿ ಮೋಟರ್, 80 ಮಿ.ಮೀ. ವ್ಯಾಸದ ಎರಡು ಕಬ್ಬಿಣದ ರೋಲರ್, ಬಲಗಡೆ ಸ್ಪ್ರಿಂಗ್, ಕೆಳಗೆ ತಟ್ಟೆ ಇರುವ, ಅಡಿಕೆಯನ್ನು ಅತ್ಯುತ್ತಮವಾಗಿ ಸುಲಿಯುವ ಯಂತ್ರ.’

ಯಂತ್ರದ ವರ್ಣನೆಯಾಗಿ ಇದು ಸರಿ, ಕ್ಲೇಮ್ ಆಗಿ ಸೋರುವ ಕೊಡ. ಕ್ಲೇಮ್ ಎಂದರೆ ಜಮೀನಿನ ಚಕ್ಕುಬಂದಿ ಇದ್ದ ಹಾಗೆ. ಅದರಲ್ಲಿ ಬರೆದ ಪ್ರತಿಯೊಂದು ಅಂಶವೂ ಎದುರಾಳಿಯ ಯಂತ್ರದಲ್ಲಿದ್ದರೆ ಮಾತ್ರ ಉಲ್ಲಂಘನೆ. ಅವನು ಒಂದೂವರೆ ಎಚ್‌ಪಿ ಮೋಟರ್ ಹಾಕಿದರೆ ಹೊರಗೆ. ಸ್ಪ್ರಿಂಗನ್ನು ಎಡಗಡೆ ಇಟ್ಟರೂ ಹೊರಗೆ. ಕೈಯಲ್ಲಿ ತಿರುಗಿಸುವ ಯಂತ್ರ ಮಾಡಿದರಂತೂ ಕೇಳುವುದೇ ಬೇಡ. ‘ಅತ್ಯುತ್ತಮವಾಗಿ’ ಎಂಬುದನ್ನು ಯಾವ ಅಳತೆಗೋಲಿನಿಂದಲೂ ಅಳೆಯಲಾಗದು, ಅಸ್ಪಷ್ಟ ಎಂಬ ಆಕ್ಷೇಪಣೆ ಖಚಿತ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಭಾಗಗಳ ಪಟ್ಟಿ ಇದೆ, ಅವುಗಳ ನಡುವಿನ ಸಂಬಂಧ ಇಲ್ಲ. ಸ್ಪ್ರಿಂಗ್ ಯಾವುದನ್ನು ಯಾವುದರ ಕಡೆಗೆ ಒತ್ತುತ್ತದೆ?

ಎರಡನೆಯ ಪ್ರಯತ್ನ:

‘ಅಡಿಕೆಯ ಸಿಪ್ಪೆ ಬೇರ್ಪಡಿಸುವ ಸಾಧನ, ಅದು ಒಳಗೊಂಡಿರುವುದು: ಒಂದು ಚೌಕಟ್ಟು, ಆ ಚೌಕಟ್ಟಿನಲ್ಲಿ ತಿರುಗುವಂತೆ ಕೂರಿಸಿದ ಮೊದಲನೇ ರೋಲರ್, ಮೊದಲನೇ ರೋಲರಿಗೆ ಸಮಾನಾಂತರವಾಗಿ, ನಡುವೆ ಒಂದು ಸಂದು ಉಳಿಯುವಂತೆ ಕೂರಿಸಿದ ಎರಡನೇ ರೋಲರ್, ಮತ್ತು ಎರಡನೇ ರೋಲರನ್ನು ಮೊದಲನೇ ರೋಲರಿನ ಕಡೆಗೆ ಒತ್ತುವ ಒಂದು ಸ್ಥಿತಿಸ್ಥಾಪಕ ಅಂಗ, ಆ ಸಂದಿಗೆ ಬಂದ ಅಡಿಕೆಯ ಗಾತ್ರಕ್ಕೆ ತಕ್ಕಂತೆ ಎರಡನೇ ರೋಲರ್ ಹಿಂದೆ ಸರಿಯುತ್ತದೆ, ಮತ್ತು ಎರಡೂ ರೋಲರುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ.’

ಮೋಟರ್ ಹೋಯಿತು, ಅಳತೆ ಹೋಯಿತು. ಸ್ಪ್ರಿಂಗ್ ‘ಸ್ಥಿತಿಸ್ಥಾಪಕ ಅಂಗ’ವಾಗಿ ರಬ್ಬರನ್ನೂ ಒಳಗೆ ಸೇರಿಸಿಕೊಂಡಿತು. ‘ಒಂದು ಸಂದು’ ಎಂದು ಮೊದಲು ಹುಟ್ಟಿಸಿ ಆಮೇಲೆ ‘ಆ ಸಂದು’ ಎಂದು ಕರೆದಿರುವುದನ್ನು ಗಮನಿಸಿ. ಹುಟ್ಟಿಸದೆ ‘ಆ’ ಎಂದು ಕರೆದರೆ, ಇಂಗ್ಲಿಷಿನಲ್ಲಿ ‘ಎ’ ಇಲ್ಲದೆ ‘ದಿ’ ಬಂದರೆ, ಅದೊಂದು ಆಕ್ಷೇಪಣೆ. ತೂಕ ಕಟ್ಟಿದ ಸನ್ನೆ ಈ ಪದದೊಳಗೆ ಬರುವುದಿಲ್ಲ ಎಂಬುದೂ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಅದೂ ಬೇಕಿದ್ದರೆ ‘ಒತ್ತುವ ಅಂಗ’ ಎಂದಷ್ಟೇ ಬರೆದು, ಸ್ಪ್ರಿಂಗ್, ರಬ್ಬರ್, ಸನ್ನೆ ಮೂರನ್ನೂ ವಿವರಣೆಯಲ್ಲಿ ಹೇಳಬೇಕು.

ಈಗ ಪರೀಕ್ಷಕರ ಕುರ್ಚಿಯಲ್ಲಿ ಕುಳಿತು ನೋಡಿ. ಭತ್ತದ ಹೊಟ್ಟು ತೆಗೆಯುವ ಗಿರಣಿಯಲ್ಲಿ ಬೇರೆ ಬೇರೆ ವೇಗದ ಎರಡು ರಬ್ಬರ್ ರೋಲರ್ ಇರುವುದು ಹಳೆಯ ವಿಷಯ. ಅದನ್ನು ತೋರಿಸಿ ‘ಅಡಿಕೆಗೆ ಅಳವಡಿಸಿದ್ದರಲ್ಲಿ ಆವಿಷ್ಕಾರದ ಹೆಜ್ಜೆ ಎಲ್ಲಿ?’ ಎಂದು, ಕ್ಷೇತ್ರ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು ಎನ್ನುವ ಸೆಕ್ಷನ್ 2(1)(ಜೆಎ) ಎತ್ತುತ್ತಾರೆ. ನಿಮ್ಮ ಎಂಜಿನಿಯರಿಂಗ್ ಅನ್ನ ಹಾಕುವುದು ಈ ಜಾಗದಲ್ಲಿ. ಭತ್ತದ ಹೊಟ್ಟು ಗಡಸು, ಉಜ್ಜಿದರೆ ಸೀಳಿ ಬಿಡುತ್ತದೆ. ಅಡಿಕೆ ಸಿಪ್ಪೆ ನಾರು, ಉಜ್ಜಿದರೆ ಜಾರುತ್ತದೆ, ಹಿಡಿದು ಎಳೆಯಬೇಕು. ಅಂದ ಮೇಲೆ ರೋಲರಿನ ಮೇಲ್ಮೈಯಲ್ಲಿ ನಾರನ್ನು ಕಚ್ಚುವ ಓರೆ ಹಲ್ಲುಗಳಿದ್ದರೆ ಅದೇ ನಿಜವಾದ ವ್ಯತ್ಯಾಸ. ಈ ಹಲ್ಲು ಎರಡನೇ ಕ್ಲೇಮಿನಲ್ಲಿ ಅವಲಂಬಿತವಾಗಿ, ಅಂದರೆ ಮೊದಲನೇ ಕ್ಲೇಮಿಗೆ ಇನ್ನೊಂದು ಅಂಶ ಕೂಡಿಸಿದಂತೆ, ಕುಳಿತಿರಬೇಕು, ಹಲ್ಲಿನ ಓರೆಯ ಕೋನ ಮೂರನೆಯದರಲ್ಲಿ, ವೇಗಗಳ ಅನುಪಾತ ನಾಲ್ಕನೆಯದರಲ್ಲಿ. ಮೊದಲ ಕೋಟೆ ಬಿದ್ದರೆ ಹಿಂದೆ ಸರಿಯಲು ಎರಡನೆಯದು.

ಇದನ್ನೆಲ್ಲ ಮೊದಲ ದಿನವೇ ಬರೆದಿಡಬೇಕು. ಸೆಕ್ಷನ್ 59ರಂತೆ ತಿದ್ದುಪಡಿ ಮಾಡುವಾಗ ಮೂಲ ದಾಖಲೆಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಕ್ಲೇಮನ್ನು ಹಿಗ್ಗಿಸುವಂತೆಯೂ ಇಲ್ಲ. ಓರೆ ಹಲ್ಲಿನ ಮಾತು ವಿವರಣೆಯಲ್ಲಿ ಎಲ್ಲೂ ಇಲ್ಲದಿದ್ದರೆ ಎರಡು ವರ್ಷದ ನಂತರ ಅದನ್ನು ತರಲು ಬಾಗಿಲೇ ಇರುವುದಿಲ್ಲ. ಪೂರ್ಣ ವಿವರಣೆಗೆ ಮುಂಚೆ ಎರಡು ಪುಟದ ತಾತ್ಕಾಲಿಕ ಅರ್ಜಿ ಹಾಕಿ ‘ದಿನಾಂಕ ಹಿಡಿದಿಟ್ಟಿದ್ದೇವೆ’ ಎಂದು ನಿಶ್ಚಿಂತೆಯಿಂದಿರುವವರಿಗೂ ಇದೇ ಕಾಯಿಲೆ. ಆ ದಿನಾಂಕ ಸಿಗುವುದು ಆ ಎರಡು ಪುಟದಲ್ಲಿ ಹೇಳಿದ ವಿಷಯಕ್ಕೆ ಮಾತ್ರ.

ವಿವರಣೆ ಬರೆಯುವಾಗ ‘ಅತ್ಯಗತ್ಯ’, ‘ಕಡ್ಡಾಯ’, ‘ಈ ಆವಿಷ್ಕಾರದಲ್ಲಿ ಯಾವಾಗಲೂ’ ಎಂಬ ಮಾತುಗಳನ್ನು ಬಳಸಬೇಡಿ. ಅವು ನಾಳೆ ನಿಮ್ಮ ಕ್ಲೇಮಿನ ಕತ್ತು ಹಿಸುಕುತ್ತವೆ. ಪುಟ 7ರಲ್ಲಿ ಸ್ಪ್ರಿಂಗ್ 112 ಆಗಿ ಪುಟ 11ರಲ್ಲಿ 121 ಆಗಿರುವುದು ಅತಿ ಸಾಮಾನ್ಯ ಚ್ಯುತಿ. ಸಲ್ಲಿಸುವ ಮುಂಚೆ ಪ್ರತಿ ಸಂಖ್ಯೆಯನ್ನೂ ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ಹಾಕಿ ಒಮ್ಮೆ ನೋಡಿ. ಸಾರಾಂಶ 150 ಪದ ಮೀರಬಾರದು.

ಫಾರಂ, ಶುಲ್ಕ, ತಾರೀಖು

ಕರಡು ಎಷ್ಟೇ ಚೆನ್ನಾಗಿದ್ದರೂ ಒಂದು ತಾರೀಖು ತಪ್ಪಿದರೆ ಎಲ್ಲ ನೀರುಪಾಲು. ಅರ್ಜಿಗೆ ಫಾರಂ 1, ವಿವರಣೆಗೆ ಫಾರಂ 2, ವಿದೇಶಿ ಅರ್ಜಿಗಳ ಹೇಳಿಕೆಗೆ ಫಾರಂ 3, ಆವಿಷ್ಕಾರಕರ ಘೋಷಣೆಗೆ ಫಾರಂ 5, ಏಜೆಂಟರ ಅಧಿಕಾರ ಪತ್ರಕ್ಕೆ ಫಾರಂ 26, ಸಣ್ಣ ಉದ್ಯಮ, ಸ್ಟಾರ್ಟಪ್ ಅಥವಾ ಶಿಕ್ಷಣ ಸಂಸ್ಥೆಯ ರಿಯಾಯಿತಿಗೆ ಫಾರಂ 28, ‘ಅರ್ಜಿಯನ್ನು ಪರೀಕ್ಷಕರು ಪರೀಕ್ಷಿಸಲಿ’ ಎಂಬ ಪರೀಕ್ಷೆಯ ಕೋರಿಕೆಗೆ ಫಾರಂ 18. ಏಜೆಂಟರು ಆನ್‌ಲೈನಿನಲ್ಲೇ ಸಲ್ಲಿಸಬೇಕು. ಕರ್ನಾಟಕದ ಅರ್ಜಿದಾರರಿಗೆ ಚೆನ್ನೈ ಕಚೇರಿ.

ಶುಲ್ಕ 30 ಪುಟ, 10 ಕ್ಲೇಮಿನವರೆಗೆ ವ್ಯಕ್ತಿಗಳು, ಸ್ಟಾರ್ಟಪ್, ಸಣ್ಣ ಉದ್ಯಮ ಹಾಗೂ ಶಿಕ್ಷಣ ಸಂಸ್ಥೆಗಳಿಗೆ 1,600 ರೂಪಾಯಿ, ಉಳಿದವರಿಗೆ 8,000. ಮೀರಿದ ಪ್ರತಿ ಪುಟಕ್ಕೆ 160 ಅಥವಾ 800, ಪ್ರತಿ ಕ್ಲೇಮಿಗೆ 320 ಅಥವಾ 1,600. ಅಡಿಕೆ ಯಂತ್ರದ ಅರ್ಜಿ 36 ಪುಟ, 14 ಕ್ಲೇಮ್ ಆಯಿತು ಎನ್ನಿ: 1,600, ಆರು ಪುಟಕ್ಕೆ 960, ನಾಲ್ಕು ಕ್ಲೇಮಿಗೆ 1,280, ಒಟ್ಟು 3,840. ಅದೇ ಅರ್ಜಿ ದೊಡ್ಡ ಕಂಪನಿಯದಾದರೆ 19,200. ಪರೀಕ್ಷೆಯ ಕೋರಿಕೆಗೆ ಬೇರೆಯಾಗಿ 4,000 ಅಥವಾ 20,000. ಕಕ್ಷಿದಾರರಿಗೆ ಈ ಲೆಕ್ಕ ಮೊದಲೇ ಕೊಟ್ಟುಬಿಡಿ. ‘ಸರ್ಕಾರಿ ಶುಲ್ಕ’ ಮತ್ತು ‘ನಮ್ಮ ಶುಲ್ಕ’ ಎರಡು ಸಾಲಾಗಿರಲಿ.

ತಾರೀಖುಗಳನ್ನು ಒಂದು ಅರ್ಜಿಯ ಮೇಲೆ ಹಾಕಿ ನೋಡೋಣ. ತಾತ್ಕಾಲಿಕ ಅರ್ಜಿ 2025ರ ಜುಲೈ 10ರಂದು ಸಲ್ಲಿಸಿದ್ದರೆ, ಪೂರ್ಣ ವಿವರಣೆಗೂ ವಿದೇಶಿ ಅಥವಾ ಪಿಸಿಟಿ (ಹಲವು ದೇಶಗಳಿಗೆ ಸೇರಿ ಹಾಕುವ ಅಂತಾರಾಷ್ಟ್ರೀಯ) ಅರ್ಜಿಗೂ ಕೊನೆಯ ದಿನ 2026ರ ಜುಲೈ 10. ಹದಿನೆಂಟು ತಿಂಗಳು ಮುಗಿದ ಮೇಲೆ, ಅಂದರೆ 2027ರ ಜನವರಿ 10ರ ನಂತರ ಪ್ರಕಟಣೆ. ಪರೀಕ್ಷೆಯ ಕೋರಿಕೆಗೆ 31 ತಿಂಗಳು, 2028ರ ಫೆಬ್ರವರಿ 10. ಎಫ್‌ಇಆರ್ ಬಂದ ದಿನದಿಂದ ಉತ್ತರಕ್ಕೆ ಆರು ತಿಂಗಳು, ಫಾರಂ 4 ಹಾಕಿದರೆ ಇನ್ನೂ ಮೂರು. ಉತ್ತರಿಸದಿದ್ದರೆ ಅರ್ಜಿ ಕೈಬಿಟ್ಟಂತೆ. ವಿಚಾರಣೆಯಾದರೆ ಲಿಖಿತ ವಾದಕ್ಕೆ ಹದಿನೈದು ದಿನ.

ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಎಡವುವ ಜಾಗ ಸೆಕ್ಷನ್ 39. ಭಾರತದಲ್ಲಿ ವಾಸಿಸುವ ಎಂಜಿನಿಯರ್ ಆವಿಷ್ಕಾರಕರ ಪಟ್ಟಿಯಲ್ಲಿದ್ದು ಮೊದಲ ಅರ್ಜಿ ಅಮೆರಿಕಕ್ಕೆ ಹೋಗುವುದಾದರೆ, ಒಂದೋ ಫಾರಂ 25ರಲ್ಲಿ ಅನುಮತಿ ಪಡೆಯಬೇಕು, ಇಲ್ಲವೇ ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ‘ಐದು ಜನರಲ್ಲಿ ಒಬ್ಬರು ಮಾತ್ರ ಇಲ್ಲಿಯವರು’ ಎಂಬ ನೆಪ ನಡೆಯುವುದಿಲ್ಲ. ಮೀರಿದರೆ ಭಾರತದ ಅರ್ಜಿ ಹೋಗುತ್ತದೆ, ಸೆಕ್ಷನ್ 118ರಲ್ಲಿ ಎರಡು ವರ್ಷದವರೆಗಿನ ಸೆರೆವಾಸದ ಮಾತೂ ಇದೆ.

ಏಜೆಂಟ್ ಪರೀಕ್ಷೆ

ಎರಡು ಲಿಖಿತ ಪತ್ರಿಕೆ, ತಲಾ 100 ಅಂಕ. ಮೊದಲನೆಯದು ಕಾಯ್ದೆ ಮತ್ತು ನಿಯಮ, ಎರಡನೆಯದು ಕರಡು ಬರೆಯುವುದು ಮತ್ತು ದಾಖಲೆ ಅರ್ಥೈಸುವುದು. ಆಮೇಲೆ 50 ಅಂಕದ ಮೌಖಿಕ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 50 ಬರಬೇಕು, ಒಟ್ಟು 250ಕ್ಕೆ ಶೇ 60 ಅಂದರೆ 150 ಆಗಬೇಕು. ಇದರೊಳಗೆ ಒಂದು ಗುಂಡಿ ಇದೆ. ಎರಡರಲ್ಲೂ ಐವತ್ತು ಐವತ್ತು ತೆಗೆದವರು ಮೌಖಿಕದಲ್ಲಿ 50ಕ್ಕೆ 50 ತೆಗೆಯಬೇಕು, ಅದು ಆಗದ ಮಾತು. 55 ಮತ್ತು 58 ಬಂದರೂ ಮೌಖಿಕದಲ್ಲಿ 37 ಬೇಕು. ಆದ್ದರಿಂದ ಪತ್ರಿಕೆಗಳಲ್ಲೇ 60 ದಾಟುವ ಗುರಿ ಇಡಿ.

ಪರೀಕ್ಷೆ ವರ್ಷವರ್ಷವೂ ನಡೆಯುವುದಿಲ್ಲ, 2018ರದ್ದು ಆದ ಮೇಲೆ ಮುಂದಿನದು ನಡೆದದ್ದು 2023ರಲ್ಲಿ. ಪ್ರಕಟಣೆ ಬಂದ ಮೇಲೆ ಓದಲು ಕೂರುತ್ತೇನೆ ಎಂದರೆ ಕಷ್ಟ.

ಹಳೆಯ ಗೈಡುಗಳನ್ನು ಮೊದಲು ರದ್ದಿಗೆ ಹಾಕಿ. 2024ರ ಮಾರ್ಚಿನಲ್ಲಿ ನಿಯಮಗಳು ಬದಲಾದವು. ಅರ್ಜಿಯ ಪರೀಕ್ಷೆಯ ಕೋರಿಕೆಗೆ 48 ತಿಂಗಳಿದ್ದದ್ದು 31 ಆಯಿತು. ಪೇಟೆಂಟ್ ಬಳಕೆಯಲ್ಲಿದೆಯೇ ಎಂದು ತಿಳಿಸಲು ಪ್ರತಿ ವರ್ಷ ಕೊಡಬೇಕಿದ್ದ ಫಾರಂ 27 ಮೂರು ಹಣಕಾಸು ವರ್ಷಕ್ಕೊಮ್ಮೆ ಆಯಿತು. ಎಫ್‌ಇಆರ್ ಬಂದ ಮೂರು ತಿಂಗಳೊಳಗೆ ಫಾರಂ 3ರ ಹೊಸ ವಿವರ ಕೊಡುವ ವ್ಯವಸ್ಥೆ ಬಂತು. ಪೇಟೆಂಟ್ ಕಚೇರಿಯ ತಾಣದಲ್ಲಿರುವ ತಿದ್ದಿದ ಕಾಯ್ದೆ ಮತ್ತು ನಿಯಮವನ್ನೇ ಮುದ್ರಿಸಿಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯಿರಿ: ಏನು ಮಾಡಬೇಕು, ಎಷ್ಟು ದಿನದಲ್ಲಿ, ಯಾವ ಫಾರಂ. ಮೊದಲ ಪತ್ರಿಕೆಯ ದೊಡ್ಡ ಪಾಲು ಆ ನೋಟ್‌ಬುಕ್ಕಿನಲ್ಲೇ ಇರುತ್ತದೆ. ಸೆಕ್ಷನ್ 3, 8, 16, 25, 39, 53, 59, 64, 84, 107ಎ, 117ಎ ಇವುಗಳನ್ನು ಪದಪದ ಓದಿ. 84ಕ್ಕೆ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧದ 2012ರ ಕಡ್ಡಾಯ ಪರವಾನಗಿ, 3(ಡಿ)ಗೆ 2013ರ ನೊವಾರ್ಟಿಸ್ ತೀರ್ಪು, 3(ಕೆ)ಗೆ 2019ರ ಫೆರಿದ್ ಅಲ್ಲಾನಿ ತೀರ್ಪು ಜೊತೆಗಿಟ್ಟುಕೊಂಡರೆ ಮೌಖಿಕದಲ್ಲಿ ಮಾತು ನಿಲ್ಲುವುದಿಲ್ಲ.

ಎರಡನೇ ಪತ್ರಿಕೆಯಲ್ಲಿ ಹಿನ್ನೆಲೆ ಬರೆಯುತ್ತ ಕೂತು ಕ್ಲೇಮಿಗೆ ಸಮಯ ಸಾಲದೆ ಸೋಲುವವರೇ ಹೆಚ್ಚು. ಕ್ಲೇಮನ್ನು ಮೊದಲು ಬರೆಯಿರಿ. ಅದು ಗಟ್ಟಿಯಾದರೆ ಶೀರ್ಷಿಕೆ, ಸಾರಾಂಶ, ವಿವರಣೆ ಅದರಿಂದಲೇ ಇಳಿದು ಬರುತ್ತವೆ. ಪಾಸಾಗಿ ನೋಂದಣಿಯಾದ ಮೇಲೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟುವುದನ್ನು ಮರೆತರೆ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ವಾಪಸು ತರಿಸಲು ಫಾರಂ 23 ಹಾಕಿಕೊಂಡು ಓಡಾಡಬೇಕು.

ಮೊದಲ ಕೆಲಸ

ಬೆಂಗಳೂರಿನಲ್ಲಿ ಮೂರು ಬಗೆಯ ಬಾಗಿಲು ಇವೆ. ಬೌದ್ಧಿಕ ಆಸ್ತಿಯ ಕಾನೂನು ಸಂಸ್ಥೆಗಳು, ಅಮೆರಿಕದ ವಕೀಲರಿಗಾಗಿ ಹುಡುಕಾಟ ಮತ್ತು ಕರಡು ಮಾಡಿಕೊಡುವ ಹೊರಗುತ್ತಿಗೆ ಕಂಪನಿಗಳು, ದೊಡ್ಡ ಕಂಪನಿಗಳ ಒಳಗಿನ ಪೇಟೆಂಟ್ ವಿಭಾಗ. ಹೊಸಬರಿಗೆ ಮೂರನೆಯದು ಅಪರೂಪಕ್ಕೆ ತೆರೆಯುತ್ತದೆ. ಹೊರಗುತ್ತಿಗೆ ಕಂಪನಿಯಲ್ಲಿ ಸೇರುವುದು ಸುಲಭ, ಆದರೆ ಅಲ್ಲಿ ವರ್ಷಗಟ್ಟಲೆ ಹುಡುಕಾಟದ ವರದಿ ಒಂದನ್ನೇ ಮಾಡುತ್ತ ಉಳಿದುಬಿಡುವ ಅಪಾಯವಿದೆ. ಎರಡನೇ ವರ್ಷದೊಳಗೆ ಕರಡು ಕೈಗೆ ಬರದಿದ್ದರೆ ಬೇರೆ ಕಡೆ ನೋಡಿ. ಸಾಫ್ಟ್‌ವೇರಿಗೆ ಹೋದ ಸಹಪಾಠಿಯ ಮೊದಲ ಸಂಬಳದೊಂದಿಗೆ ಹೋಲಿಸಿಕೊಂಡರೆ ಬೇಸರವಾಗುತ್ತದೆ. ಇಲ್ಲಿ ಏರುವುದು ಕರಡು ಸ್ವತಂತ್ರವಾಗಿ ಬರೆಯಲು ಬಂದ ಮೇಲೆ.

ಸಂದರ್ಶನದಲ್ಲಿ ಸಾಮಾನ್ಯವಾಗಿ ಒಂದೆರಡು ಪುಟದ ವಿವರ ಕೊಟ್ಟು ಒಂದು ಸ್ವತಂತ್ರ ಕ್ಲೇಮ್, ಮೂರ್ನಾಲ್ಕು ಅವಲಂಬಿತ ಕ್ಲೇಮ್ ಬರೆಸುತ್ತಾರೆ. ಸೇರುವಾಗ ನೀವು ಕೇಳಬೇಕಾದ್ದು ಒಂದೇ: ‘ನನ್ನ ಕರಡನ್ನು ಯಾರು ತಿದ್ದುತ್ತಾರೆ?’ ಹೆಸರು ಹೇಳಿದರೆ ಸೇರಿ, ‘ಟೀಮ್ ಇದೆ’ ಎಂದರೆ ಯೋಚಿಸಿ. ತಿದ್ದಿದ ಪ್ರತಿಗಳನ್ನು ತಿಂಗಳಿಗೊಮ್ಮೆ ಆಫೀಸಿನಲ್ಲೇ ಕೂತು ಮತ್ತೆ ಓದಿ. ಮನೆಗೆ ಒಯ್ಯಬೇಡಿ, ಪ್ರಕಟವಾಗದ ಅರ್ಜಿ ಗುಟ್ಟಿನ ದಾಖಲೆ. ಅದೇ ಕಾರಣಕ್ಕೆ ಅದನ್ನು ಸಾರ್ವಜನಿಕ ಎಐ ಚಾಟ್‌ಗೆ ಅಂಟಿಸುವುದೂ ಸಲ್ಲದು.

ಅಮೆರಿಕದ ಕೆಲಸ ಮಾಡುವವರು ತಿಳಿದಿರಬೇಕಾದ ಒಂದು ಮಿತಿ: ಭಾರತದಲ್ಲೇ ನೆಲೆಸಿರುವ ಭಾರತೀಯ ಪ್ರಜೆಗೆ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ಏಜೆಂಟ್ ಆಗಲು ಅವಕಾಶವಿಲ್ಲ. ಕರಡು ನಿಮ್ಮದಾದರೂ ಸಹಿ ಅಲ್ಲಿನ ವಕೀಲರದ್ದೇ.

ಸರ್ಕಾರಿ ದಾರಿಯೂ ಇದೆ. ಪೇಟೆಂಟ್ ಮತ್ತು ಡಿಸೈನ್ ಪರೀಕ್ಷಕರ ಹುದ್ದೆ ಗ್ರೂಪ್ ‘ಎ’, ವೇತನ ಶ್ರೇಣಿ 10ನೇ ಹಂತ. ಪರೀಕ್ಷಕ ಅಥವಾ ಕಂಟ್ರೋಲರ್ ಆಗಿ ಹತ್ತು ವರ್ಷ ದುಡಿದವರು ಏಜೆಂಟ್ ಪರೀಕ್ಷೆ ಬರೆಯದೆಯೇ ನೋಂದಣಿ ಪಡೆಯಬಹುದು.

ಎಲ್‌ಎಲ್‌ಬಿ ಯಾವಾಗ, ಎಲ್ಲಿ

ಪದವಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45 ಅಂಕ ಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಡಿ ರಾಜ್ಯದ ಉದ್ದಗಲಕ್ಕೂ ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಿಂದ ಮೂರು ವರ್ಷದ ಪದವಿ ನಡೆಸುತ್ತಿದೆ, ಪ್ರವೇಶಕ್ಕೆ ಅದರದ್ದೇ ಪರೀಕ್ಷೆ. ಐಐಟಿ ಖರಗಪುರದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ಕಾನೂನು ಶಾಲೆ ಹೆಚ್ಚುಕಡಿಮೆ ಎಂಜಿನಿಯರುಗಳಿಗೆಂದೇ ಕಟ್ಟಿದ್ದು. ದೂರಶಿಕ್ಷಣದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. ತರಗತಿಯ ಹಾಜರಾತಿ ಶೇ 70 ಬೇಕು, ಆದ್ದರಿಂದ ‘ಕೆಲಸದ ಜೊತೆ ಹೇಗೋ ಮುಗಿಸುತ್ತೇನೆ’ ಎನ್ನುವ ಮೊದಲು ಕಾಲೇಜಿನ ವೇಳಾಪಟ್ಟಿಯನ್ನೂ ಮ್ಯಾನೇಜರರ ಮುಖವನ್ನೂ ನೋಡಿ.

ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಕಂಟ್ರೋಲರ್ ಆದೇಶದ ವಿರುದ್ಧದ ಮೇಲ್ಮನವಿಗಳೆಲ್ಲ ಹೈಕೋರ್ಟುಗಳಿಗೆ ಬಂದಿವೆ. ದೆಹಲಿ, ಮದ್ರಾಸ್ ಹೈಕೋರ್ಟುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗಗಳಿವೆ. ಉಲ್ಲಂಘನೆಯ ದಾವೆ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲಿ ಶುರುವಾದರೂ, ಎದುರು ಪಕ್ಷ ‘ನಿಮ್ಮ ಪೇಟೆಂಟೇ ರದ್ದಾಗಲಿ’ ಎಂದು ಪ್ರತಿದಾವೆ ಹಾಕಿದರೆ ಸೆಕ್ಷನ್ 104ರಂತೆ ಎರಡೂ ಹೈಕೋರ್ಟಿಗೆ ಏರುತ್ತವೆ. ಅಲ್ಲಿ ನ್ಯಾಯಾಧೀಶರಿಗೆ ರೋಲರಿನ ಹಲ್ಲು ಯಾಕೆ ಓರೆ ಎಂದು ಬಿಳಿ ಹಾಳೆಯ ಮೇಲೆ ಗೆರೆ ಎಳೆದು ತೋರಿಸಬಲ್ಲ ವಕೀಲರು ಕಡಿಮೆ.

ಸನ್ನದು ತೆಗೆದುಕೊಳ್ಳುವ ಮುಂಚೆ ಇನ್ನೊಂದು ವಿಷಯ ಯೋಚಿಸಿ. ವಕೀಲರ ಪರಿಷತ್ತಿನ 49ನೇ ನಿಯಮದಂತೆ ವಕೀಲಿ ಮಾಡುವವರು ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವಂತಿಲ್ಲ. ಕಂಪನಿಯ ಪೇಟೆಂಟ್ ವಿಭಾಗಕ್ಕೆ ಸೇರಿದರೆ ಸನ್ನದನ್ನು ಅಮಾನತಿನಲ್ಲಿಡಬೇಕು. ಏಜೆಂಟ್ ನೋಂದಣಿಗೆ ಈ ಕಟ್ಟು ಇಲ್ಲ. ಕಾನೂನು ಪದವಿಯ ಆತುರ ಬೇಡ ಎನ್ನಲು ಇದೂ ಒಂದು ಕಾರಣ.

ಸ್ವಂತ ಕಚೇರಿ ತೆರೆದವರಿಗೆ ಒಂದು ಪದ್ಧತಿ. ಹೊಸ ಕಕ್ಷಿದಾರರು ಫೋನ್ ಮಾಡಿ ‘ನನ್ನ ಹತ್ತಿರ ಒಂದು ಅಡಿಕೆ ಯಂತ್ರ ಇದೆ, ಅದರಲ್ಲಿ...’ ಎಂದು ಶುರು ಮಾಡಿದರೆ ಅಲ್ಲೇ ನಿಲ್ಲಿಸಿ. ಹೆಸರು, ಕ್ಷೇತ್ರ ಎರಡನ್ನಷ್ಟೇ ಬರೆದುಕೊಂಡು, ಅದೇ ಬಗೆಯ ಯಂತ್ರದ ಬೇರೆ ಕಕ್ಷಿದಾರರು ನಿಮ್ಮ ಪಟ್ಟಿಯಲ್ಲಿ ಇದ್ದಾರೆಯೇ ನೋಡಿ. ಇದ್ದರೆ ಒಳವಿವರ ಕೇಳದೆಯೇ ಬೇರೊಬ್ಬ ಏಜೆಂಟರ ಹೆಸರು ಕೊಡಿ. ಒಮ್ಮೆ ಕೇಳಿದ ಮೇಲೆ ಇಬ್ಬರ ಕೆಲಸವನ್ನೂ ಬಿಡಬೇಕಾಗಿ ಬರಬಹುದು.